ಎರಡೂ ಕಡೆಯವರ ಕೈಯಲ್ಲಿ ‘ಸಂಶೋಧನೆ’ ಇದ್ದರೆ ಯಾರ ಮಾತು ನಂಬುವುದು?

ಓದುಗರ ಪ್ರಶ್ನೆ

“ನನ್ನ ತಂದೆಗೆ 68 ವರ್ಷ. ಬಹಳ ವರ್ಷಗಳಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಸಕ್ಕರೆ ಕಾಯಿಲೆ ಇಲ್ಲ. ಎರಡು ತಿಂಗಳ ಹಿಂದೆ ನನ್ನಣ್ಣ ಒಂದು ವಿಡಿಯೊ ಕಳಿಸಿದ. ಬಿಳಿ ಕೋಟು ತೊಟ್ಟ ವೈದ್ಯರೊಬ್ಬರು, ‘ಕಿಡ್ನಿ ಹಾಳಾಗುವುದು ಬಿಪಿಯಿಂದಲ್ಲ, ಬಿಪಿ ಮಾತ್ರೆಯಿಂದ. ಒತ್ತಡ ಇಳಿಸಿದರೆ ಕಿಡ್ನಿಗೆ ರಕ್ತ ಹೋಗುವುದಾದರೂ ಹೇಗೆ? ಕಂಪನಿಗಳು ಇದನ್ನು ಮುಚ್ಚಿಡುತ್ತಿವೆ’ ಎನ್ನುತ್ತಾರೆ. ಅದು ಸುಳ್ಳು ಎನ್ನುವ ಎರಡು ಲೇಖನಗಳನ್ನು ನಾನು ಕಳಿಸಿದೆ. ಅಣ್ಣ ಸುಮ್ಮನಾಗದೆ, 2015ರ ‘ಸ್ಪ್ರಿಂಟ್’ ಎಂಬ ದೊಡ್ಡ ಅಮೆರಿಕನ್ ಅಧ್ಯಯನದ ಪುಟವನ್ನೇ ಕಳಿಸಿದ. ಕಿಡ್ನಿ ತೊಂದರೆ ಹೆಚ್ಚಾಯಿತು ಎಂಬ ಸಾಲು ಅದರಲ್ಲಿ ನಿಜವಾಗಿಯೂ ಇದೆ! ನನ್ನ ಬಾಯಿ ಕಟ್ಟಿಹೋಯಿತು. ಎಐ ಚಾಟ್‌ಬಾಟ್ ಕೇಳಿದರೆ, ನಾನು ಕೇಳಿದ ಧಾಟಿಗೆ ತಕ್ಕಂತೆ ಒಮ್ಮೆ ಹಾಗೆ, ಒಮ್ಮೆ ಹೀಗೆ ಹೇಳಿತು. ಈ ಜಗ್ಗಾಟ ನೋಡಿ ಅಪ್ಪ ಈಗ ಒಂದು ದಿನ ಬಿಟ್ಟು ಒಂದು ದಿನ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನಾನು ಕಾಮರ್ಸ್ ಓದಿದವಳು. ತಜ್ಞರೇ ಹತ್ತು ವರ್ಷಕ್ಕೊಮ್ಮೆ ಮಾತು ಬದಲಿಸುವಾಗ ನನ್ನಂಥವರು ಏನನ್ನು, ಯಾರನ್ನು ನಂಬಬೇಕು?”

ಉತ್ತರ

ಮೊದಲು ಮಾತ್ರೆಯ ವಿಷಯ ಮುಗಿಸೋಣ, ಉಳಿದದ್ದು ಆಮೇಲೆ. ನಾನು ಚಿಕಿತ್ಸೆ ಕೊಡುವ ವೈದ್ಯನಲ್ಲ. ವೈದ್ಯಕೀಯ ಪ್ರಯೋಗಗಳ ವರದಿ ಓದಿ ಅವುಗಳ ಆಧಾರ ಎಷ್ಟು ಗಟ್ಟಿ ಎಂದು ತೂಗಿ ನೋಡುವುದು ನನ್ನ ಕೆಲಸ. ಆದರೂ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ನಿಮ್ಮ ತಂದೆಯವರು ಹಿಡಿದಿರುವ ದಾರಿ ನಿಮ್ಮದೂ ಅಲ್ಲ, ನಿಮ್ಮಣ್ಣನದೂ ಅಲ್ಲ. ದಿನ ಬಿಟ್ಟು ದಿನ ಎಂಬ ರಾಜಿಯ ಹಿಂದೆ ಯಾರ ಪುರಾವೆಯೂ ಇಲ್ಲ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು, ಕ್ಲೋನಿಡಿನ್ ಮುಂತಾದವನ್ನು ತಟ್ಟನೆ ಬಿಟ್ಟರೆ ಒತ್ತಡವೋ ಎದೆಬಡಿತವೋ ಮೊದಲಿಗಿಂತ ಜೋರಾಗಿ ತಿರುಗಿಬೀಳುವುದುಂಟು. ಅವರು ತೆಗೆದುಕೊಳ್ಳುತ್ತಿರುವುದು ಯಾವ ಗುಂಪಿನದು ಎಂದು ನನಗೆ ತಿಳಿಯದು, ಅವರ ವೈದ್ಯರಿಗೆ ತಿಳಿದಿರುತ್ತದೆ. ಇವತ್ತೇ ಫೋನ್ ಮಾಡಿ, ಎಷ್ಟು ದಿನಗಳಿಂದ ಹೀಗೆ ನಡೆದಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಅವರು ಬೇರೆ ಹೇಳುವವರೆಗೆ ಬರೆದುಕೊಟ್ಟ ಪ್ರಮಾಣದಂತೆಯೇ ನಡೆಯಲಿ. ಈ ಫೋನ್ ಕರೆ ಆಗುವ ಮುಂಚೆ ಅಣ್ಣನ ಜತೆ ವಾದ ಗೆಲ್ಲುವ ಅವಸರ ಬೇಡ.

ಇನ್ನು ನಿಮ್ಮ ಅಳಲು. ಇಬ್ಬರ ಕೈಯಲ್ಲೂ ಕಾಗದ ಇದೆ, ತೀರ್ಪು ಕೊಡುವಷ್ಟು ಓದು ನಿಮಗಿಲ್ಲ, ಆದ್ದರಿಂದ ಕೊನೆಗೆ ಯಾರದೋ ಒಬ್ಬರ ಮೇಲೆ ನಂಬಿಕೆ ಹೊರಿಸಬೇಕು, ಆ ಒಬ್ಬರು ಯಾರು? ಪ್ರಶ್ನೆಯನ್ನು ಹೀಗೆ ಇಟ್ಟುಕೊಂಡರೆ ಉತ್ತರ ಸಿಗುವುದಿಲ್ಲ ಎಂಬುದು ನನ್ನ ಅನುಭವ. ನಂಬಲು ಯೋಗ್ಯರಾದವರೂ ತಪ್ಪು ಹೇಳುತ್ತಾರೆ. ಮೋಸಗಾರನೂ ಎಷ್ಟೋ ಸಲ ನಿಜ ಹೇಳುತ್ತಾನೆ, ಹೇಳದೆ ಅವನ ಮೋಸ ನಡೆಯುವುದಿಲ್ಲ. ಹಾಗಾಗಿ ಜನರನ್ನು ತೂಗುವುದು ಸ್ವಲ್ಪ ಹೊತ್ತು ಬಿಟ್ಟು, ಎದುರಿಗಿರುವ ಒಂದೊಂದು ಮಾತಿಗೂ ಒಂದೇ ಪ್ರಶ್ನೆ ಹಾಕಿ: ಇದು ಇವರಿಗೆ ಹೇಗೆ ಗೊತ್ತಾಯಿತು? ಎಣಿಸಿದರೇ? ಯಾರನ್ನು ಯಾರ ಜತೆ ಹೋಲಿಸಿದರು? ಅಥವಾ ಇನ್ಯಾರೋ ಹೇಳಿದ್ದನ್ನು ಕೇಳಿದರೇ? ಕಾಮರ್ಸ್ ಓದಿದವರಿಗೆ ಇದು ಹೊಸದಲ್ಲ. ಲೆಕ್ಕಪತ್ರದಲ್ಲಿ ಒಂದು ಮೊತ್ತ ಕಂಡರೆ ಅದರ ಹಿಂದಿನ ವೋಚರ್ ಎಲ್ಲಿ ಎಂದು ನೀವು ಕೇಳುವುದಿಲ್ಲವೇ?

ಅಣ್ಣ ಕಳಿಸಿದ ಪುಟದಿಂದಲೇ ಶುರು ಮಾಡೋಣ.

ಆ ಪುಟದಲ್ಲಿ ಇರುವುದೇನು

ಅಣ್ಣ ಸುಳ್ಳು ಹೇಳಿಲ್ಲ. ಸ್ಪ್ರಿಂಟ್ ನಿಜವಾದ, ದೊಡ್ಡ, ಎಚ್ಚರಿಕೆಯಿಂದ ನಡೆಸಿದ ಪ್ರಯೋಗ. 50 ದಾಟಿದ, ಬಿಪಿ ಇರುವ, ಹೃದಯದ ತೊಂದರೆ ಬರುವ ಸಾಧ್ಯತೆ ಹೆಚ್ಚಿರುವ 9,361 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಸಕ್ಕರೆ ಕಾಯಿಲೆ ಇರುವವರನ್ನೂ ಹಿಂದೆ ಪಾರ್ಶ್ವವಾಯು ಆದವರನ್ನೂ ಸೇರಿಸಿಕೊಳ್ಳಲಿಲ್ಲ. ಒಂದು ಗುಂಪಿನವರ ಬಿಪಿಯ ಮೇಲಿನ ಸಂಖ್ಯೆಯನ್ನು 140ಕ್ಕಿಂತ ಕೆಳಗೆ ತರುವುದು, ಇನ್ನೊಂದರದ್ದನ್ನು 120ಕ್ಕಿಂತ ಕೆಳಗೆ ತರುವುದು ಗುರಿ. ಹಣ ಕೊಟ್ಟದ್ದು ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್.

ಈಗ ಗಮನಿಸಿ. ಮಾತ್ರೆ ನುಂಗುವವರನ್ನು ನುಂಗದವರ ಜತೆ ಈ ಪ್ರಯೋಗ ಹೋಲಿಸಲೇ ಇಲ್ಲ. ಎರಡೂ ಗುಂಪಿನವರು ಮಾತ್ರೆ ನುಂಗುತ್ತಿದ್ದರು. ಸಾಧಾರಣ ಗುರಿಯ ಗುಂಪಿಗೆ ಸರಾಸರಿ 1.8 ಔಷಧ, ಬಿಗಿ ಗುರಿಯ ಗುಂಪಿಗೆ 2.8. ಒತ್ತಡವನ್ನು ಇನ್ನೂ ಬಿಗಿಯಾಗಿ ಇಳಿಸಿದರೆ ಏನಾಗುತ್ತದೆ ಎಂಬುದೇ ಅವರ ಪ್ರಶ್ನೆಯಾಗಿತ್ತು. ಬಿಗಿ ಗುಂಪಿನಲ್ಲಿ ತಲೆಸುತ್ತಿ ಬೀಳುವಷ್ಟು ಒತ್ತಡ ಇಳಿಯುವುದು, ಲವಣಾಂಶದ ಏರುಪೇರು, ಕಿಡ್ನಿಗೆ ಹಠಾತ್ ಪೆಟ್ಟು, ಇವು ಹೆಚ್ಚು ಕಂಡವು. ಅಣ್ಣ ಗೆರೆ ಎಳೆದ ಸಾಲು ಇದೇ. ಅದೇ ಪುಟದಲ್ಲಿ ಅದರ ಹತ್ತಿರವೇ ಇನ್ನೊಂದು ಸಾಲೂ ಇದೆ: ಹೃದಯಾಘಾತ, ಪಾರ್ಶ್ವವಾಯು ಮುಂತಾದ ಗಂಡಾಂತರಗಳೂ ಒಟ್ಟು ಸಾವುಗಳೂ ಬಿಗಿ ಗುಂಪಿನಲ್ಲೇ ಕಡಿಮೆ. ಎಷ್ಟು ಕಡಿಮೆ ಎಂದರೆ, ಯೋಜಿಸಿದ್ದಕ್ಕಿಂತ ಮೊದಲೇ, ಸುಮಾರು 3.3 ವರ್ಷಕ್ಕೆ ಪ್ರಯೋಗ ನಿಲ್ಲಿಸಿದರು.

ಹೀಗೆ, ನಿಜವಾದ ಪುಟ, ನಿಜವಾದ ಸಾಲು, ಆದರೆ ಅದು ಉತ್ತರಿಸುವುದು ಬೇರೊಂದು ಪ್ರಶ್ನೆಗೆ. ನನ್ನ ಮೇಜಿಗೆ ಬರುವ ತಕರಾರುಗಳಲ್ಲಿ ಹಸಿ ಸುಳ್ಳಿಗಿಂತ ಈ ಜಾತಿಯದೇ ಹೆಚ್ಚು. ಇನ್ನೊಂದು ಸೂಕ್ಷ್ಮವೂ ಇದೆ. ‘ಕಂಪನಿಗಳು ಮುಚ್ಚಿಡುತ್ತಿವೆ’ ಎಂದು ವಿಡಿಯೊ ಹೇಳುವ ಸಂಗತಿ, ಆ ಪ್ರಬಂಧದ ಮೊದಲ ಪುಟದ ಸಾರಾಂಶದಲ್ಲೇ ಯಾರು ಬೇಕಾದರೂ ಓದುವಂತೆ ಅಚ್ಚಾಗಿದೆ.

ನಿಮ್ಮ ಪರದ ಲೇಖನಗಳನ್ನೂ ಇದೇ ಕಣ್ಣಿಂದ ನೋಡಬೇಕು. ಸ್ಪ್ರಿಂಟ್ ಬಗ್ಗೆ ‘ಅಪಾಯ 25% ಇಳಿಯಿತು’ ಎಂದು ಬರೆಯುವವರು ಬಹಳ. ಅದೂ ನಿಜವೇ. ಆದರೆ ಯಾವುದರ 25%? ಆ ಅವಧಿಯಲ್ಲಿ ಸಾಧಾರಣ ಗುಂಪಿನ 1,000 ಜನರಲ್ಲಿ 68 ಮಂದಿಗೆ ಗಂಡಾಂತರ ಒದಗಿತು, ಬಿಗಿ ಗುಂಪಿನಲ್ಲಿ 52 ಮಂದಿಗೆ. ಸಾವಿರಕ್ಕೆ 16 ಜನರ ಅಂತರ. ಈ ಅಂತರ ದೊಡ್ಡದೋ ಚಿಕ್ಕದೋ ಎಂಬುದು ನೀವು ಯಾರು, ನಿಮಗೆ ಯಾವುದರ ಭಯ ಎಂಬುದರ ಮೇಲೆ ನಿಂತಿದೆ. ಶೇಕಡಾವಾರು ಒಂದನ್ನೇ ಹೇಳಿ ಮೂಲ ಸಂಖ್ಯೆ ಹೇಳದವರು ಹೆದರಿಸಲೋ ಮಾರಲೋ ಹೊರಟಿದ್ದಾರೆ ಎಂದು ನಾನು ಸದಾ ಗುಮಾನಿ ಪಡುತ್ತೇನೆ, ಅವರು ನನ್ನ ಪರವೇ ಇದ್ದರೂ.

ಇದರ ಅನಾಹುತ ಎಷ್ಟಾಗಬಹುದು ಎಂಬುದಕ್ಕೆ 1995ರ ಬ್ರಿಟನ್ನಿನ ಉದಾಹರಣೆ ಇದೆ. ಒಂದು ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ‘ಇಮ್ಮಡಿ’ ಎಂದು ಅಧಿಕೃತ ಎಚ್ಚರಿಕೆಯೇ ಹೊರಟಿತು. ಅದು ಸುಮಾರು 7,000ಕ್ಕೆ ಒಬ್ಬರಿಂದ 7,000ಕ್ಕೆ ಇಬ್ಬರಿಗೆ ಏರಿದ್ದು. ಮಹಿಳೆಯರು ಗಾಬರಿಯಾಗಿ ಮಾತ್ರೆ ಬಿಟ್ಟರು, ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳ ಸಂಖ್ಯೆ ಸಾವಿರಗಟ್ಟಲೆ ಏರಿತು. ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತಲೂ ಹೆಚ್ಚು. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಹಾಗಾದರೆ ಇಂಥ ಮಾತು ಹುಟ್ಟುವುದು ಎಲ್ಲಿಂದ?

ಕಣ್ಣಿಗೆ ಕಾಣುವುದರಿಂದಲೇ. ಡಯಾಲಿಸಿಸ್ ಘಟಕದಲ್ಲಿ ಕೂತವರನ್ನು ಕೇಳಿ ನೋಡಿ. ಬಹುಪಾಲು ಜನ ಎಷ್ಟೋ ವರ್ಷ ಬಿಪಿ ಮಾತ್ರೆ ನುಂಗಿದವರೇ ಆಗಿರುತ್ತಾರೆ. ನುಂಗದವರು ಅಲ್ಲಿ ಕಡಿಮೆ. ವಿಡಿಯೊದ ವೈದ್ಯರು ಇದನ್ನು ಕಂಡೇ ಹೇಳಿರಬಹುದು, ಪ್ರಾಮಾಣಿಕವಾಗಿಯೇ ನಂಬಿರಬಹುದು. ಆದರೆ ಊರುಗೋಲು ಹಿಡಿದವರೇ ಹೆಚ್ಚು ಸಲ ಬೀಳುತ್ತಾರೆ, ಹಾಗೆಂದು ಬೀಳಿಸಿದ್ದು ಊರುಗೋಲು ಎನ್ನಲಾಗುವುದೇ? ದೀರ್ಘಕಾಲದ ಕಿಡ್ನಿ ಕಾಯಿಲೆಗೆ ಸಕ್ಕರೆ ಕಾಯಿಲೆ ಮತ್ತು ಅಧಿಕ ರಕ್ತದೊತ್ತಡ ಮುಖ್ಯ ಕಾರಣಗಳು. ಕಿಡ್ನಿ ಕೆಟ್ಟಾಗ ಒತ್ತಡ ಇನ್ನಷ್ಟು ಏರುತ್ತದೆ ಕೂಡ. ಹಾಗಾಗಿ ಯಾರ ಕಿಡ್ನಿ ಅಪಾಯದಲ್ಲಿದೆಯೋ ಅವರಿಗೇ ಮಾತ್ರೆ ಹೆಚ್ಚು ಬರೆದುಕೊಡುತ್ತಾರೆ. ಮಾತ್ರೆ ಕೊಡಲು ಕಾರಣವಾದ ಕಾಯಿಲೆಯೇ ಮಾತ್ರೆಯ ದುಷ್ಪರಿಣಾಮದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಬರೀ ಗಮನಿಸಿ ಎಣಿಸುವ ಅಧ್ಯಯನಗಳಲ್ಲಿ ಈ ತೊಡಕನ್ನು ಪೂರ್ತಿ ಬಿಡಿಸುವುದು ಕಷ್ಟ. ಚೀಟಿ ಎತ್ತಿ ಗುಂಪು ಮಾಡುವುದು ಇದಕ್ಕಾಗಿಯೇ. ಆಗ ಹೆಚ್ಚು ಕಾಯಿಲೆಯವರು ಒಂದೇ ಕಡೆ ಸೇರಿಕೊಳ್ಳುವುದಿಲ್ಲ.

ಹಾಗೆ ಚೀಟಿ ಎತ್ತಿ ನೋಡಿದಾಗ ಏನು ಕಂಡಿತು? 2001ರಲ್ಲಿ ಪ್ರಕಟವಾದ ‘ರೀನಾಲ್’ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಡುತ್ತಿದ್ದ 1,513 ಜನರಲ್ಲಿ ಅರ್ಧ ಮಂದಿಗೆ ಲೊಸಾರ್ಟಾನ್ ಎಂಬ ಬಿಪಿ ಔಷಧ, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಟ್ಟರು. ಕಿಡ್ನಿ ಪೂರ್ತಿ ಕೈಕೊಡುವ ಅಪಾಯ ಲೊಸಾರ್ಟಾನ್ ಪಡೆದವರಲ್ಲಿ 28% ಕಡಿಮೆ. (ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಇಲ್ಲ, ಈ ಅಂಕಿಯನ್ನು ಅವರಿಗೆ ಹಾಗೆಯೇ ಅಂಟಿಸಬೇಡಿ.) ವಿಡಿಯೊ ಹೇಳುವುದಕ್ಕೆ ಇದು ನೇರ ವಿರುದ್ಧ.

ಅಣ್ಣ ತಕ್ಷಣ ಕೇಳಬಹುದು, ಅದಕ್ಕೆ ದುಡ್ಡು ಹಾಕಿದವರು ಯಾರು ಎಂದು. ಲೊಸಾರ್ಟಾನ್ ತಯಾರಿಸುತ್ತಿದ್ದ ಮರ್ಕ್ ಕಂಪನಿಯೇ. ಕೇಳಬೇಕಾದ ಪ್ರಶ್ನೆಯೇ ಅದು, ತಳ್ಳಿಹಾಕಬೇಡಿ. ಆದರೆ ದುಡ್ಡು ಕೊಟ್ಟವರು ಗೊತ್ತಾದ ತಕ್ಷಣ ಉತ್ತರ ಸಿಕ್ಕಂತೆ ಅಲ್ಲ, ಎಲ್ಲಿ ಹೆಚ್ಚು ಅಗೆಯಬೇಕು ಎಂಬುದಷ್ಟೇ ಗೊತ್ತಾದಂತೆ. ಅಳೆದದ್ದು ಏನು? ಡಯಾಲಿಸಿಸ್‌ಗೆ ಹೋಗುವುದು, ಸಾಯುವುದು, ಇವನ್ನು ತಿರುಚುವುದು ಸುಲಭವಲ್ಲ. ‘ಲವಲವಿಕೆ ಹೆಚ್ಚಿತು’ ಎಂಬಂಥದ್ದಾದರೆ ಸುಲಭ. ಕಂಪನಿಯ ಹಂಗಿಲ್ಲದ ಬೇರೆಯವರಿಗೂ ಹೀಗೇ ಕಂಡಿತೇ? ಬಿಪಿಯಿಂದಲೇ ಕಿಡ್ನಿ ಕೆಟ್ಟ 1,094 ಆಫ್ರಿಕನ್ ಅಮೆರಿಕನ್ನರ ಮೇಲೆ ಅಲ್ಲಿನ ಸರ್ಕಾರಿ ಸಂಸ್ಥೆ ನಡೆಸಿದ ‘ಆಸ್ಕ್’ ಪ್ರಯೋಗ 2002ರಲ್ಲಿ ಹೊರಬಂತು. ಸರಿಯಾದ ಔಷಧ ಆರಿಸಿದರೆ ಕಿಡ್ನಿ ಕೆಡುವುದು ನಿಧಾನವಾಗುತ್ತದೆ ಎಂದು ಅದೂ ಹೇಳಿತು. ಬಿಪಿ ಔಷಧಗಳಲ್ಲೇ ಒಂದಕ್ಕಿಂತ ಇನ್ನೊಂದು ಈ ವಿಷಯದಲ್ಲಿ ಮೇಲು ಎಂದು ಅದರಲ್ಲಿ ಕಂಡುಬಂತು.

ಇದೇ ಪ್ರಶ್ನೆಯನ್ನು ವಿಡಿಯೊದ ಕಡೆಗೂ ತಿರುಗಿಸಬೇಕಲ್ಲ? ಆ ವೈದ್ಯರ ಚಾನೆಲ್‌ನ ಆದಾಯ ಎಲ್ಲಿಂದ, ವಿಡಿಯೊದ ಕೊನೆಗೆ ಏನಾದರೂ ಮಾರುತ್ತಾರೆಯೇ ನೋಡಿ. ದೊಡ್ಡ ಕಂಪನಿಯ ಲಾಭ ಮಾತ್ರ ಲಾಭ, ಚಿಕ್ಕವರದ್ದು ಸೇವೆ ಎಂಬ ಭ್ರಮೆ ನಮ್ಮಲ್ಲಿ ಬಲವಾಗಿದೆ.

‘ಒತ್ತಡ ಇಳಿಸಿದರೆ ಕಿಡ್ನಿಗೆ ರಕ್ತ ಹೋಗುವುದು ಹೇಗೆ’ ಎಂಬ ತರ್ಕದ ಬಗ್ಗೆಯೂ ಹೇಳಬೇಕು. ಕೇಳಲು ಸರಿಯೆನಿಸುತ್ತದೆ. ಕೇಳಲು ಸರಿಯೆನಿಸುವ ತರ್ಕಗಳು ವೈದ್ಯಕೀಯದಲ್ಲಿ ಎಷ್ಟು ದುಬಾರಿಯಾಗಿವೆ ನೋಡಿ: ಹೃದಯಾಘಾತವಾದವರಲ್ಲಿ ಬಡಿತದ ತಾಳ ತಪ್ಪುವುದು ಸಾವಿನ ಮುನ್ಸೂಚನೆ ಎಂದು ಒಂದು ಕಾಲದಲ್ಲಿ ಚೆನ್ನಾಗಿ ಗೊತ್ತಿತ್ತು. ತಾಳ ಸರಿಪಡಿಸುವ ಔಷಧಗಳೂ ಇದ್ದವು. ಕೊಟ್ಟರೆ ಜೀವ ಉಳಿಯಬೇಕು, ಅಲ್ಲವೇ? ವೈದ್ಯರು ಹಾಗೇ ನಂಬಿ ಕೊಡುತ್ತಿದ್ದರು. ‘ಕಾಸ್ಟ್’ ಎಂಬ ಪ್ರಯೋಗ ನಡೆಸಿ ಎಣಿಸಿದರು. 1991ರ ವರದಿಯ ಪ್ರಕಾರ ಆ ಔಷಧಗಳನ್ನು ಪಡೆದ 755 ಜನರಲ್ಲಿ 63 ಸಾವು, ಹುಸಿ ಮಾತ್ರೆ ಪಡೆದ 743 ಜನರಲ್ಲಿ 26. ಔಷಧ ತಾಳವನ್ನು ಸರಿಪಡಿಸಿತ್ತು, ರೋಗಿಯನ್ನು ಕೊಂದಿತ್ತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಕಠೋರ ಉದಾಹರಣೆ ನನಗೆ ಗೊತ್ತಿಲ್ಲ.

‘ಅಧ್ಯಯನವೊಂದು ಹೇಳಿದೆ’ ಎಂಬ ಮಾತಿನ ಬೆಲೆ

ಪ್ರತಿಷ್ಠಿತ ಪತ್ರಿಕೆಯಲ್ಲಿ ಅಚ್ಚಾಗಿದ್ದರೆ, ನೂರಾರು ಜನ ಉಲ್ಲೇಖಿಸಿದ್ದರೆ, ಇನ್ನೇನು ಬೇಕು ಎನಿಸುವುದು ಸಹಜ. 1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯ ಸಂಪಾದಕರಿಗೆ ಬರೆದ ಒಂದು ಪತ್ರ ಪ್ರಕಟವಾಯಿತು. ಇಡೀ ಪತ್ರ ಐದೇ ವಾಕ್ಯ. ಆಸ್ಪತ್ರೆಯಲ್ಲಿದ್ದಾಗ ಅಫೀಮು ಜಾತಿಯ ನೋವುನಿವಾರಕ ಪಡೆದ 11,882 ರೋಗಿಗಳ ದಾಖಲೆಯಲ್ಲಿ ಚಟಕ್ಕೆ ಬಿದ್ದವರು ನಾಲ್ವರು ಮಾತ್ರ ಎಂಬುದು ಅದರ ಸಾರ. ಆಸ್ಪತ್ರೆಯೊಳಗೆ, ನರ್ಸ್ ಕೈಯಿಂದ ಪಡೆದ ಔಷಧದ ಮಾತು ಅದು. ಮನೆಗೆ ಒಯ್ದು ತಿಂಗಳುಗಟ್ಟಲೆ ನುಂಗುವುದಕ್ಕೆ ಅದು ಅನ್ವಯಿಸುವುದೇ ಇಲ್ಲ. ಆದರೆ ಮುಂದೆ ಅಮೆರಿಕದಲ್ಲಿ ಈ ಔಷಧಗಳು ಹೊಳೆಯಂತೆ ಹರಿದಾಗ ‘ಚಟ ಹತ್ತುವುದು ಅಪರೂಪ, ಸಾಬೀತಾಗಿದೆ’ ಎಂದು ತೋರಿಸಿದ್ದು ಇದೇ ಪತ್ರವನ್ನು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಸಂಶೋಧಕರು ಲೆಕ್ಕ ಹಾಕಿದರು: 608 ಕಡೆ ಉಲ್ಲೇಖವಾಗಿತ್ತು. ಅವುಗಳಲ್ಲಿ 80%ಕ್ಕೂ ಹೆಚ್ಚು ಮಂದಿ, ಇದು ಆಸ್ಪತ್ರೆಯೊಳಗಿನ ರೋಗಿಗಳ ಮಾತು ಎಂಬುದನ್ನೇ ಹೇಳಿರಲಿಲ್ಲ.

ಐದು ವಾಕ್ಯ ಓದಲು ಎಷ್ಟು ಹೊತ್ತು ಬೇಕು? ನನ್ನ ವೃತ್ತಿಯಲ್ಲಿ ಹೊಸಬರಿಗೆ ನಾನು ಮೊದಲು ಓದಲು ಕೊಡುವುದು ಈ ಪತ್ರವನ್ನೇ. ನೂರು ಕಡೆ ಕೇಳಿಬರುವ ಮಾತಿಗೆ ನೂರು ಆಧಾರ ಇರಬೇಕಿಲ್ಲ. ಬೇರು ಒಂದೇ ಇರಬಹುದು, ಅದೂ ಟೊಳ್ಳಾಗಿರಬಹುದು. ಪದೇ ಪದೇ ಕೇಳಿದ ಮಾತು ನಿಜವೆನಿಸತೊಡಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಪ್ರಕಟಣೆಗೆ ಮುನ್ನ ಬೇರೆ ತಜ್ಞರು ಪರಿಶೀಲಿಸಿರುತ್ತಾರಲ್ಲ ಎನ್ನುವಿರಾ? ಪರಿಶೀಲಿಸುತ್ತಾರೆ, ಆದರೆ ಕೈಗೆ ಕೊಟ್ಟ ಬರಹವನ್ನು ಮಾತ್ರ. ಮೂಲ ದಾಖಲೆಗಳನ್ನು ತೆರೆದು ನೋಡುವುದು ವಿರಳ. 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಕೇವಲ 12 ಮಕ್ಕಳನ್ನು ನೋಡಿ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಪ್ರಬಂಧ ಪ್ರಕಟಿಸಿತು, ಹಿಂತೆಗೆದುಕೊಂಡದ್ದು 2010ರಲ್ಲಿ. 2020ರಲ್ಲಿ ಕೋವಿಡ್ ಚಿಕಿತ್ಸೆಯ ಕುರಿತು ಸರ್ಜಿಸ್ಫಿಯರ್ ಎಂಬ ಕಂಪನಿಯ ದತ್ತಾಂಶ ನಂಬಿ ಎರಡು ಅಗ್ರ ಪತ್ರಿಕೆಗಳು ಪ್ರಬಂಧ ಪ್ರಕಟಿಸಿ, ಆ ದತ್ತಾಂಶವನ್ನು ಯಾರಿಗೂ ಪರಿಶೀಲಿಸಲು ಕೊಡದಿದ್ದಾಗ ವಾರಗಳಲ್ಲೇ ಹಿಂತೆಗೆದುಕೊಂಡವು. ಆದ್ದರಿಂದ ಯಾರಾದರೂ ಪ್ರಬಂಧ ಕಳಿಸಿದರೆ, ಅದರ ಶೀರ್ಷಿಕೆಯನ್ನು ಪಬ್‌ಮೆಡ್ ಎಂಬ ವೈದ್ಯಕೀಯ ಪ್ರಬಂಧಗಳ ಜಾಲತಾಣದಲ್ಲಿ ಹಾಕಿ ಹಿಂತೆಗೆದುಕೊಂಡ ಸೂಚನೆ ಇದೆಯೇ ಎಂದು ನೋಡುವುದು ನನ್ನ ಮೊದಲ ಕೆಲಸ. ಅರ್ಧ ನಿಮಿಷದ್ದು. ನೀವೂ ಮಾಡಬಹುದು.

ತಜ್ಞರು ಮಾತು ಬದಲಿಸುವುದು

ನಿಮ್ಮ ಪತ್ರದಲ್ಲಿ ನನಗೆ ನಾಟಿದ ಸಾಲು ಇದು. ಬದಲಿಸುತ್ತಾರೆ, ನಿಜ. ಮುಟ್ಟು ನಿಂತ ಮಹಿಳೆಯರಿಗೆ ಹಾರ್ಮೋನ್ ಮಾತ್ರೆ ಕೊಟ್ಟರೆ ಹೃದಯಕ್ಕೆ ಒಳ್ಳೆಯದು ಎಂದು ವರ್ಷಗಟ್ಟಲೆ ಹೇಳಿದರು. ಹಾರ್ಮೋನ್ ತೆಗೆದುಕೊಳ್ಳುವವರಲ್ಲಿ ಹೃದಯದ ಕಾಯಿಲೆ ಕಡಿಮೆ ಎಂದು ಅಧ್ಯಯನಗಳಲ್ಲಿ ಕಂಡಿತ್ತು. 2002ರಲ್ಲಿ 16,608 ಮಹಿಳೆಯರ ಮೇಲೆ ಚೀಟಿ ಎತ್ತಿ ಮಾಡಿದ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು, ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದರಿಂದ. ಮುಂಚಿನ ಅಧ್ಯಯನಗಳಲ್ಲಿ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದವರು ಅನುಕೂಲವಂತರು, ಆರೋಗ್ಯದ ಮೇಲೆ ಮೊದಲೇ ನಿಗಾ ಇದ್ದವರು. ಬಿಪಿ ಮಾತ್ರೆಯಲ್ಲಿ ಕಂಡ ತೊಡಕೇ ಇಲ್ಲಿ ತಲೆಕೆಳಗಾಗಿ ಕೂತಿತ್ತು. ಆಮೇಲೆ ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ ಚಿತ್ರ ಇನ್ನೂ ಸ್ವಲ್ಪ ಬದಲಾಯಿತು.

ಇದನ್ನು ಕಂಡು ‘ಇವರಿಗೆ ಏನೂ ಗೊತ್ತಿಲ್ಲ’ ಎನ್ನುವವರು ಒಂದು ಸಂಗತಿ ಮರೆಯುತ್ತಾರೆ. ತಪ್ಪನ್ನು ಹಿಡಿದವರೂ ಅದೇ ಕ್ಷೇತ್ರದವರೇ, ಎಣಿಸುವ ಕ್ರಮದಿಂದಲೇ. ವಿಡಿಯೊದ ವೈದ್ಯರು ತಮ್ಮ ಮಾತನ್ನು ಎಂದಾದರೂ ತಿದ್ದಿಕೊಂಡಿದ್ದಾರೆಯೇ ಎಂದು ಅವರ ಹಳೆಯ ವಿಡಿಯೊಗಳಲ್ಲಿ ಹುಡುಕಿ. ಹತ್ತಾರು ವಿಷಯಗಳ ಮೇಲೆ ಮಾತಾಡಿ ಒಮ್ಮೆಯೂ ತಿದ್ದಿಕೊಳ್ಳದವರ ಬಗ್ಗೆ ನನಗೆ ಭಯ. ಸಂಸ್ಥೆಗಳೂ ಎಡವುತ್ತವೆ: ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲಿ ಕೋವಿಡ್ ಗಾಳಿಯಲ್ಲಿ ಹರಡುವಂಥದ್ದಲ್ಲ ಎಂದು ಖಡಾಖಂಡಿತವಾಗಿ ಸಾರಿತು, ಆಮೇಲೆ ಮೆಲ್ಲಗೆ ಮಾತು ಬದಲಿಸಿತು. ‘ಈಗಿರುವ ಆಧಾರದ ಪ್ರಕಾರ’ ಎಂಬ ಮೂರು ಪದ ಸೇರಿಸಿದ್ದರೆ ಅಷ್ಟು ಮುಖಭಂಗ ಆಗುತ್ತಿರಲಿಲ್ಲ.

ಅಣ್ಣ ಇನ್ನೊಂದು ವಾದವನ್ನೂ ಇಡಬಹುದು: ದೊಡ್ಡ ಸತ್ಯಗಳನ್ನು ಮೊದಲು ಒಂಟಿ ಮನುಷ್ಯನೇ ಹೇಳುವುದು, ಜಗತ್ತು ನಗುವುದು. ಹೊಟ್ಟೆಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎಂದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೂ ಹಾಗೇ ಆಯಿತು. ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜನ ಕುಡಿದ ಕಥೆ ನೆನಪಿಡುತ್ತಾರೆ. ಗೆಲ್ಲಿಸಿದ್ದು ಅದಲ್ಲ. ಬ್ಯಾಕ್ಟೀರಿಯಾ ಕೊಂದರೆ ಹುಣ್ಣು ಮರುಕಳಿಸುವುದಿಲ್ಲ ಎಂಬುದನ್ನು ಬೇರೆ ಬೇರೆ ದೇಶಗಳ, ಅವರಿಗೆ ಯಾವ ಋಣವೂ ಇಲ್ಲದ ವೈದ್ಯರು ತಾವೇ ಮಾಡಿ ನೋಡಿದರು. ಇನ್ನೊಂದು ಕಡೆ ಲೈನಸ್ ಪೌಲಿಂಗ್, ಎರಡು ನೊಬೆಲ್ ಒಬ್ಬರೇ ಪಡೆದ ಮಹಾ ರಸಾಯನಶಾಸ್ತ್ರಜ್ಞ. ಸಿ ವಿಟಮಿನ್ ಹೆಚ್ಚು ಕೊಟ್ಟರೆ ಕ್ಯಾನ್ಸರ್ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ ಎಂದರು. ಅಮೆರಿಕದ ಹೆಸರಾಂತ ಆಸ್ಪತ್ರೆ ಮೇಯೊ ಕ್ಲಿನಿಕ್‌ನವರು 1979ರಲ್ಲೂ 1985ರಲ್ಲೂ ಮಾತ್ರೆಯ ರೂಪದಲ್ಲಿ ಕೊಟ್ಟು ನೋಡಿದರು, ಪ್ರಯೋಜನ ಕಾಣಲಿಲ್ಲ. ಪದವಿ, ಪದಕ, ಬಿಳಿ ಕೋಟು ಇವೆಲ್ಲ ಕಿವಿಗೊಡಲು ಕಾರಣ ಆಗಬಹುದು, ಅಷ್ಟೇ.

ಚಾಟ್‌ಬಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ನೀವು ಕೇಳಿದ ಧಾಟಿಗೆ ಒಲಿಯುತ್ತದೆ ಎಂಬುದನ್ನು ನೀವೇ ಕಂಡುಹಿಡಿದಿದ್ದೀರಿ. ಇಲ್ಲದ ಆಧಾರಗಳನ್ನೂ ಹುಟ್ಟಿಸುತ್ತದೆ: 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ, ನಡೆದೇ ಇಲ್ಲದ ಮೊಕದ್ದಮೆಗಳನ್ನು ನ್ಯಾಯಾಲಯದ ಮುಂದೆ ಇಟ್ಟು 5,000 ಡಾಲರ್ ದಂಡ ತೆತ್ತರು. ಕಠಿಣ ಪ್ರಬಂಧವನ್ನು ಬಿಡಿಸಿ ಹೇಳು ಎನ್ನಲು ಬಳಸಿ. ಯಾವುದು ಸರಿ ಎಂದು ಕೇಳಲು ಬೇಡ.

ನಿಮ್ಮ ಮುಂದಿರುವ ದಾರಿಗಳು

ಮೂಲದವರೆಗೆ ನೀವೇ ಹೋಗಿ ನೋಡುವುದು ಒಂದು. ಸ್ಪ್ರಿಂಟ್ ವಿಷಯದಲ್ಲಿ ಈಗ ಮಾಡಿದ್ದು ಅದನ್ನೇ. ಯಾರನ್ನು ಯಾರ ಜತೆ ಹೋಲಿಸಿದರು, ಎಷ್ಟು ಜನ, ಏನನ್ನು ಅಳೆದರು, ಸಾವಿರಕ್ಕೆ ಎಷ್ಟು ಎಂದು ನೋಡಲು ಡಾಕ್ಟರಿಕೆ ಓದಬೇಕಿಲ್ಲ. ಅಪಾಯವೂ ಇದೆ. ಹುಡುಕುವಾಗ ನಮಗೆ ಬೇಕಾದದ್ದೇ ಬೇಗ ಕಣ್ಣಿಗೆ ಬೀಳುತ್ತದೆ. ಅಣ್ಣನೂ ತಾನು ಮೂಲಕ್ಕೇ ಹೋಗಿದ್ದೇನೆ ಎಂದೇ ನಂಬಿರುವುದು, ಮರೆಯಬೇಡಿ.

ಮೂಲಕ್ಕೆ ಹೋಗಲು ಬಿಡುವಿಲ್ಲದಾಗ, ಹೇಳುತ್ತಿರುವವರು ಯಾರೆಂದು ಹೊರಗಿನಿಂದ ವಿಚಾರಿಸುವುದು ಚುರುಕಾದ ದಾರಿ. ಸ್ಟ್ಯಾನ್‌ಫೋರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಇತಿಹಾಸಕಾರರು, ವಿದ್ಯಾರ್ಥಿಗಳು, ಸುದ್ದಿಯ ಸತ್ಯಾಸತ್ಯ ಪರಿಶೀಲಿಸುವ ಪತ್ರಕರ್ತರು, ಈ ಮೂರು ಗುಂಪಿನ ಮುಂದೆ ಹೆಚ್ಚುಕಡಿಮೆ ಒಂದೇ ಹೆಸರಿನ ಮಕ್ಕಳ ವೈದ್ಯರ ಎರಡು ಸಂಘಟನೆಗಳ ಜಾಲತಾಣ ಇಟ್ಟು, ಯಾವುದು ಹೆಚ್ಚು ನಂಬಲರ್ಹ ಎಂದು ಕೇಳಿದರು. ಒಂದು 1930ರಿಂದ ಇರುವ, ಹತ್ತಾರು ಸಾವಿರ ಸದಸ್ಯರ ಸಂಘ. ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಬೇರೆಯಾದ ಚಿಕ್ಕ ಗುಂಪು. ವಿದ್ವಾಂಸರೂ ವಿದ್ಯಾರ್ಥಿಗಳೂ ಪುಟದ ಅಂದಚೆಂದ, ‘ನಮ್ಮ ಬಗ್ಗೆ’ ಎಂಬ ಭಾಗವನ್ನು ಓದುತ್ತ ಕೂತರು, ಬಹಳ ಮಂದಿ ಮೋಸಹೋದರು. ಪತ್ರಕರ್ತರು ಮಾತ್ರ ಪುಟವನ್ನು ಅಲ್ಲಿಗೇ ಬಿಟ್ಟು, ಇವರ ಬಗ್ಗೆ ಬೇರೆಯವರು ಏನನ್ನುತ್ತಾರೆ ಎಂದು ಹೊಸ ಕಿಟಕಿ ತೆರೆದರು. ಬೇಗನೆ ಸರಿಯಾದ ಉತ್ತರಕ್ಕೆ ಬಂದರು. ಒಬ್ಬನ ಬಗ್ಗೆ ಅವನನ್ನೇ ವಿಚಾರಿಸಬಾರದು ಎಂಬುದು ಹೊಸ ಬುದ್ಧಿಯಲ್ಲ. ಆದರೆ ವ್ಯಕ್ತಿ ಸಾಚಾ ಎಂದು ತಿಳಿದರೂ ಅವರ ಈ ಒಂದು ಮಾತು ಸರಿಯೇ ಎಂದು ಇದರಿಂದ ತಿಳಿಯುವುದಿಲ್ಲ.

ಒಂದು ಪ್ರಶ್ನೆಯ ಮೇಲಿನ ಎಲ್ಲ ಪ್ರಯೋಗಗಳನ್ನೂ ಒಟ್ಟು ಮಾಡಿ ತೂಗುವ ವರದಿಗಳನ್ನು ನೆಚ್ಚುವುದು ಮತ್ತೊಂದು. 1993ರಲ್ಲಿ ಶುರುವಾದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಮಾಡುವುದು ಇದೇ ಕೆಲಸ. ಅವರ ವರದಿಗಳಿಗೆ ಸಾಮಾನ್ಯ ಓದುಗರಿಗಾಗಿ ಸರಳ ಸಾರಾಂಶವೂ ಇರುತ್ತದೆ. ಎದುರಾಳಿ ಪ್ರಬಂಧಗಳ ಜಗ್ಗಾಟ ನಡೆದಾಗ ನಾನು ಮೊದಲು ಹೋಗುವುದು ಅಲ್ಲಿಗೆ. ತೊಡಕೆಂದರೆ ಇವು ನಿಧಾನ, ಕೆಲವು ಹಳತಾಗಿರುತ್ತವೆ. ಒಳಗೆ ಹಾಕಿದ ಪ್ರಯೋಗಗಳೇ ಕಳಪೆಯಾಗಿದ್ದರೆ ಮೊತ್ತವೂ ಕಳಪೆ.

‘ಎರಡು ಕಡೆಯೂ ಹೇಳುತ್ತಾರೆ, ಸದ್ಯಕ್ಕೆ ಏನೂ ನಂಬುವುದಿಲ್ಲ’ ಎಂದು ಕೈಕಟ್ಟಿ ಕೂರುವುದೂ ಒಂದು ದಾರಿಯೇ. ಅನೇಕ ವಿಷಯಗಳಲ್ಲಿ ಅದೇ ಜಾಣತನ, ದಿನಕ್ಕೆ ಬರುವ ಹತ್ತು ಸುದ್ದಿಗಳಲ್ಲಿ ಒಂಬತ್ತಕ್ಕೆ ನಮ್ಮ ಅಭಿಪ್ರಾಯ ಯಾರಿಗೂ ಬೇಕಿಲ್ಲ. ನಿಮ್ಮ ಮನೆಯಲ್ಲಿ ಅದು ಸಾಗದು. ನಂಬದೆ ಇದ್ದರೂ ಬೆಳಿಗ್ಗೆ ಮಾತ್ರೆ ನುಂಗಬೇಕೋ ಬೇಡವೋ ಎಂದು ಅಪ್ಪ ತೀರ್ಮಾನಿಸಲೇಬೇಕು. ಎರಡೂ ಕಡೆಯನ್ನು ಸಮ ಎಂದು ತೂಗಿದ್ದರ ಫಲವೇ ಆ ದಿನ ಬಿಟ್ಟು ದಿನದ ಮಾತ್ರೆ.

ಕೊನೆಯದು, ಅಪ್ಪನನ್ನು ಮುಟ್ಟಿ ನೋಡಿರುವ ವೈದ್ಯರು. ಅವರಿಗೆ ಪ್ರತಿ ಹೊಸ ಪ್ರಬಂಧವೂ ಗೊತ್ತಿರಬೇಕಿಲ್ಲ, ಸಮಯವೂ ಕಡಿಮೆ. ಆದರೆ 9,361 ಜನರ ಸರಾಸರಿಗಿಂತ ನಿಮಗೆ ಬೇಕಾದದ್ದು ಒಬ್ಬ ಮನುಷ್ಯನ ಕಿಡ್ನಿಯ ಸ್ಥಿತಿ, ಅದನ್ನು ಹೇಳಬಲ್ಲವರು ಅವರು ಮಾತ್ರ. ‘ಬಿಪಿ ಮಾತ್ರೆ ಕಿಡ್ನಿಗೆ ಕೆಟ್ಟದ್ದೇ?’ ಎಂದು ಕೇಳಿದರೆ ‘ಹಾಗೇನಿಲ್ಲ’ ಎಂಬ ಒಂದೇ ಮಾತಿನ ಉತ್ತರ ಬಂದೀತು. ಬದಲಿಗೆ, ಇವರ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆಯ ಅಂಕಿ), ಪೊಟ್ಯಾಸಿಯಂ ಕಳೆದ ವರ್ಷ ಎಷ್ಟಿತ್ತು, ಈಗ ಎಷ್ಟು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ, ಇವರಿಗೆ ಗುರಿ ಎಷ್ಟು, ಯಾವ ಸಂಖ್ಯೆ ಕಂಡರೆ ನೀವು ಔಷಧ ಬದಲಿಸುತ್ತೀರಿ ಎಂದು ಕೇಳಿ. ಮೈಕೈ ನೋವಿಗೆಂದು ಅಪ್ಪ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥದ್ದನ್ನು ತಾವೇ ಕೊಂಡು ನುಂಗುತ್ತಿದ್ದರೆ ಅದನ್ನು ಹೇಳಲೇಬೇಕು. ಕೆಲವು ಬಿಪಿ ಔಷಧಗಳ ಜತೆ ಅವು ಸೇರಿದಾಗ ಕಿಡ್ನಿಗೆ ನಿಜಕ್ಕೂ ಪೆಟ್ಟು ಬೀಳಬಹುದು. ವಾಂತಿಭೇದಿಯಾಗಿ ನೀರಿನಂಶ ಇಳಿದಾಗ ಯಾವ ಮಾತ್ರೆ ಮುಂದುವರಿಸಬೇಕು, ಯಾವುದನ್ನು ತಡೆಯಬೇಕು ಎಂದೂ ಕೇಳಿಟ್ಟುಕೊಳ್ಳಿ. ಹೊಗೆ ಕಂಡ ಕಡೆ ಬೆಂಕಿ ಇದ್ದರೆ ಅದು ಇಲ್ಲಿದೆ, ವಿಡಿಯೊ ತೋರಿಸಿದ ಕಡೆ ಅಲ್ಲ.

ಅಣ್ಣನ ವಿಷಯ. ಇನ್ನೊಂದು ಲೇಖನ ಕಳಿಸಬೇಡಿ, ಅವನು ಇನ್ನೆರಡು ಕಳಿಸುತ್ತಾನೆ. ‘ಏನು ಕಂಡರೆ ನಿನ್ನ ಅಭಿಪ್ರಾಯ ಬದಲಾಗುತ್ತೆ ಅಣ್ಣ?’ ಎಂದು ನಿಜವಾದ ಕುತೂಹಲದಿಂದ ಕೇಳಿ, ನಿಮ್ಮ ಉತ್ತರವನ್ನೂ ಮೊದಲೇ ಯೋಚಿಸಿಟ್ಟುಕೊಳ್ಳಿ. ಅವನನ್ನೇ ವೈದ್ಯರ ಬಳಿಗೆ ಕರೆದೊಯ್ಯಿರಿ, ಮೇಲಿನ ಪ್ರಶ್ನೆಗಳನ್ನು ಅವನೇ ಕೇಳಲಿ. ಅಪ್ಪನ ಬಗ್ಗೆ ಕಾಳಜಿ ಇದ್ದದ್ದಕ್ಕೇ ಅವನು ಆ ಪುಟದವರೆಗೆ ಹೋದದ್ದು. ಇನ್ನು ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿರುವುದು ಕಂಡರೆ ಮುಚ್ಚಿಡಬೇಡಿ. ಕೆಲವು ಬಿಪಿ ಔಷಧ ಶುರುಮಾಡಿದಾಗ ಅದು ತುಸು ಏರಿ ನಿಲ್ಲುವುದು ನಿರೀಕ್ಷಿತವೇ. ಏರುತ್ತಲೇ ಹೋದರೆ ವೈದ್ಯರು ಪ್ರಮಾಣ ಇಳಿಸಬಹುದು, ಔಷಧವನ್ನೇ ಬದಲಿಸಬಹುದು, ಕಾರಣ ಬೇರೆಲ್ಲಾದರೂ ಇದೆಯೇ ಎಂದು ಹುಡುಕಬಹುದು. ಹಾಗಾದರೆ, ಪರೀಕ್ಷೆ ಮಾಡಿಸುವಂತೆ ಮಾಡಿದ್ದು ಅಣ್ಣನ ತಕರಾರೇ ಎಂದು ಅವನಿಗೆ ಹೇಳಿ. ಮಾತ್ರೆ ನಿಲ್ಲಿಸುವ ತೀರ್ಮಾನ ಮಾತ್ರ ಆ ಸಂಖ್ಯೆ ನೋಡಿದ ವೈದ್ಯರದ್ದಾಗಿರಲಿ.